ಹೊಯ್ಗೆಯ ಲೆಕ್ಕ

ಮೇ ತಿಂಗಳ ಕೊನೆಯ ವಾರ, ಮಳೆ ಹಿಡಿಯುವ ಮೊದಲು, ಉಳ್ಳಾಲದ ದಂಡೆಗೆ ಹೋಗಿ ಒಂದು ಹಿಡಿ ಹೊಯ್ಗೆ, ಅಂದರೆ ಮರಳು, ತೆಗೆದುಕೊಳ್ಳಿ. ಬಿಳಿ ಕಾಗದದ ಮೇಲೆ ಹರಡಿ ಭೂತಗನ್ನಡಿ ಹಿಡಿಯಿರಿ. ದೂರದಿಂದ ಒಂದೇ ಬಣ್ಣವಾಗಿ ಕಂಡದ್ದು ಹತ್ತಿರದಿಂದ ನೋಡಿದರೆ ಹಲವು ಬಣ್ಣ. ಒಡೆದ ಗಾಜಿನಂತೆ ಹೊಳೆಯುವವು ಬೆಣಚುಕಲ್ಲಿನ ಕಣಗಳು. ರಾಶಿಯಲ್ಲಿ ಹೆಚ್ಚಿನ ಪಾಲು ಇವುಗಳದ್ದೇ. ನಡುವೆ ಅಲ್ಲೊಂದು ಇಲ್ಲೊಂದು ದಾಳಿಂಬೆ ಕಾಳಿನ ಬಣ್ಣದ್ದು ಗಾರ್ನೆಟ್. ತೆಳುವಾಗಿ ಮಿನುಗುವ ಹಾಳೆ ಅಭ್ರಕ. ಕಪ್ಪು ಕಣಗಳು ಕಬ್ಬಿಣ, ಟೈಟಾನಿಯಂ ಇರುವ ಖನಿಜಗಳು; ಅಯಸ್ಕಾಂತ ತೋರಿಸಿದರೆ ಅವುಗಳಲ್ಲಿ ಕೆಲವು ಎದ್ದು ಬಂದು ಅಂಟಿಕೊಳ್ಳುತ್ತವೆ. ಈ ಹಿಡಿಯಲ್ಲಿ ಕಡಲಿನದು ಅಂತ ಇರುವುದು ಚಿಪ್ಪಿನ ಚೂರು ಮಾತ್ರ. ಉಳಿದದ್ದೆಲ್ಲ ಘಟ್ಟದ್ದು.

ಕುದುರೆಮುಖದ ಕಡೆಯ ಬೆಟ್ಟಗಳಲ್ಲಿ ಬಿಸಿಲು, ಮಳೆ, ಮರದ ಬೇರು ಎಲ್ಲ ಸೇರಿ ಬಂಡೆಯನ್ನು ಸಡಿಲಿಸುತ್ತವೆ. ಬಂಡೆಯ ಮೆದು ಭಾಗ ಕೊಳೆತು ಜೇಡಿಯಾಗುತ್ತದೆ, ಕಲಗಿ ಕೆಂಪು ನೀರಾಗಿ ಹೋಗುತ್ತದೆ. ಗಟ್ಟಿ ಬೆಣಚುಕಲ್ಲು ಉಳಿದು, ನೇತ್ರಾವತಿಯ ತಳದಲ್ಲಿ ಪ್ರತಿ ಮಳೆಗಾಲವೂ ಒಂದಿಷ್ಟು ದೂರ ಉರುಳುತ್ತ, ಒಂದೊಂದು ತಿರುವಿನಲ್ಲೂ ವರ್ಷಗಟ್ಟಲೆ ತಂಗುತ್ತ, ಕೊನೆಗೊಮ್ಮೆ ಅಳಿವೆ ಬಾಗಿಲು ದಾಟುತ್ತದೆ. ಮನುಷ್ಯನ ಆಯುಷ್ಯದ ಅಳತೆಗೆ ಸಿಗದಷ್ಟು ನಿಧಾನದ ಪ್ರಯಾಣ ಅದು. ನಾವು ಕಡಲ ತೀರ ಎನ್ನುವುದು ಈ ಪ್ರಯಾಣದ ಕೊನೆಯ ತಂಗುದಾಣ.

ಕರಾವಳಿಯ ಊರ ಹೆಸರುಗಳಲ್ಲಿ ಈ ತಿಳಿವಳಿಕೆ ಹಿಂದಿನಿಂದಲೂ ಇದೆ. ಮಂಗಳೂರಿನ ಅಳಿವೆಯ ಪಕ್ಕದ ಪೇಟೆಗೆ ಹೊಯಿಗೆ ಬಜಾರ್ ಎಂದು ಹೆಸರು. ಎದುರು ದಡದಲ್ಲಿ ಬೆಂಗ್ರೆ. ಉಡುಪಿ ಜಿಲ್ಲೆಯಲ್ಲಿ ಕೋಡಿಬೆಂಗ್ರೆ, ಕುಂದಾಪುರದ ಕೋಡಿ, ಮಲ್ಪೆಯ ಪಡುಕರೆ. ಇವೆಲ್ಲ ನದಿಗೂ ಕಡಲಿಗೂ ನಡುವೆ ಹೊಯ್ಗೆ ಕಟ್ಟಿದ ನಾಲಗೆಗಳು. ಒಂದು ಬದಿಯಲ್ಲಿ ಸಿಹಿ ಉಪ್ಪು ಬೆರೆತ ನೀರು, ಇನ್ನೊಂದು ಬದಿಯಲ್ಲಿ ಕಡಲು, ನಡುವೆ ತೆಂಗು, ಮನೆ, ಬಲೆ ಒಣಗುವ ಅಂಗಳ. ಇಂಥ ನೆಲದಲ್ಲಿ ಬಾಳಿದ ಮೊಗವೀರರು, ಖಾರ್ವಿಗಳು, ಹರಿಕಂತ್ರರು ಹಿಂದೆ ಮಡಲು ಹೊದಿಸಿದ ಮನೆಯಲ್ಲಿದ್ದರು. ಅದಕ್ಕೆ ಬಡತನವೇನೋ ಕಾರಣವಿತ್ತು. ಆದರೆ ಬಿಚ್ಚಿ ಹಿಂದಕ್ಕೆ ಕಟ್ಟಿಕೊಳ್ಳಬಹುದಾದ ಮನೆ ಆ ನೆಲಕ್ಕೆ ಸರಿಯಾದ ಮನೆಯೂ ಹೌದು.

ತೀರ ಉಸಿರಾಡುತ್ತದೆ. ಇದನ್ನು ನೋಡಲು ಉಪಕರಣ ಬೇಡ, ವರ್ಷದಲ್ಲಿ ಎರಡು ಸಲ ಒಂದೇ ಜಾಗಕ್ಕೆ ಹೋದರೆ ಸಾಕು. ನವೆಂಬರಿನಿಂದ ಮೇವರೆಗೆ ನಮ್ಮ ಕಡಲಿನ ಅಲೆ ಸಾಮಾನ್ಯವಾಗಿ ಒಂದು ಮೀಟರಿನ ಒಳಗೆ. ದೂರದ ದಕ್ಷಿಣ ಸಾಗರದಲ್ಲಿ ಹುಟ್ಟಿ ಬರುವ ಉದ್ದನೆಯ ಅಲೆಗಳು ನಿಧಾನವಾಗಿ ದಂಡೆ ಏರುತ್ತವೆ. ಏರುವಾಗ ಹೊಯ್ಗೆ ತರುತ್ತವೆ. ಇಳಿಯುವಾಗ ಒಂದು ಪಾಲು ನೀರು ಒಣ ಹೊಯ್ಗೆಯಲ್ಲಿ ಇಂಗಿಹೋಗುವುದರಿಂದ ತಂದದ್ದನ್ನು ಹಿಂದಕ್ಕೆ ಒಯ್ಯುವ ಬಲ ಇರುವುದಿಲ್ಲ. ಹೀಗೆ ದಿನಕ್ಕಿಷ್ಟು ಎಂದು ದಂಡೆ ಅಗಲವಾಗುತ್ತದೆ. ಜೂನಿನಲ್ಲಿ ಆಟ ಬದಲಾಗುತ್ತದೆ. ಅಲೆ ಮೂರು ಮೀಟರ್, ಕೆಲವು ದಿನ ಅದಕ್ಕೂ ಹೆಚ್ಚು. ಒಂದರ ಬೆನ್ನಿಗೆ ಒಂದು ಬರುವುದರಿಂದ ದಂಡೆ ನೀರು ಕುಡಿದು ಕುಡಿದು ತುಂಬಿರುತ್ತದೆ, ಇಂಗುವುದಕ್ಕೆ ಜಾಗವಿಲ್ಲ. ಹಿಂದಿರುಗುವ ನೀರು ಹೊಯ್ಗೆಯನ್ನು ಎಳೆದೊಯ್ಯುತ್ತದೆ. ಹಗುರ ಬೆಣಚಿನ ಕಣಗಳು ಮೊದಲು ಹೋಗುತ್ತವೆ, ಭಾರದ ಕಪ್ಪು ಕಣಗಳು ಉಳಿಯುತ್ತವೆ. ಮಳೆಗಾಲದಲ್ಲಿ ನಮ್ಮ ದಂಡೆಗಳು ಕಪ್ಪಗೆ ಕಾಣುವುದು ಇದೇ ಕಾರಣಕ್ಕೆ.

ಎಳೆದೊಯ್ದ ಹೊಯ್ಗೆ ಎಲ್ಲಿ ಹೋಗುತ್ತದೆ ಎಂಬುದು ಇಲ್ಲಿ ಮುಖ್ಯವಾದ ಪ್ರಶ್ನೆ. ಅದರ ಬಹುಪಾಲು ದೂರವೇನೂ ಹೋಗುವುದಿಲ್ಲ. ತೀರದಿಂದ ಸ್ವಲ್ಪ ಆಚೆ, ನೀರಿನೊಳಗೆ, ದಂಡೆಗೆ ಸಮಾನಾಂತರವಾಗಿ ದಿಬ್ಬವಾಗಿ ಕೂರುತ್ತದೆ. ದೊಡ್ಡ ಅಲೆಯ ತಳ ಆ ದಿಬ್ಬಕ್ಕೆ ತಾಗಿ ಅಲ್ಲೇ ಮುರಿಯುತ್ತದೆ. ದಂಡೆಗೆ ತಲುಪುವುದು ಸೋತ ಅಲೆ. ಎಂದರೆ ತೀರ ತನ್ನ ಮೈಯ ಒಂದು ಭಾಗವನ್ನೇ ಮುಂದೆ ಚಾಚಿ ಉಳಿದ ಮೈಯನ್ನು ಕಾಯುತ್ತದೆ. ಅಕ್ಟೋಬರ್ ಬಂತೆಂದರೆ ಅದೇ ದಿಬ್ಬ ಕರಗಿ ಮತ್ತೆ ದಂಡೆ ಸೇರತೊಡಗುತ್ತದೆ. ಕೆಲವೆಡೆ ಈ ಹೋಗಿಬರುವಿಕೆಯಲ್ಲಿ ದಂಡೆಯ ಅಗಲ ಹತ್ತಾರು ಮೀಟರ್ ಬದಲಾಗುತ್ತದೆ. ಜುಲೈಯಲ್ಲಿ ನಿಂತು ನೋಡಿದವರಿಗೆ ಕಡಲು ಊರು ನುಂಗುತ್ತಿದೆ ಅನ್ನಿಸುತ್ತದೆ. ಫೆಬ್ರವರಿಯಲ್ಲಿ ಬಂದವರಿಗೆ ಕಡಲು ಹಿಂದೆ ಸರಿದಿದೆ ಅನ್ನಿಸುತ್ತದೆ. ಇಬ್ಬರೂ ನೋಡಿದ್ದು ಅರ್ಧ ಉಸಿರನ್ನು ಮಾತ್ರ.

ಇನ್ನೊಂದು ಚಲನೆ ದಂಡೆಯ ಉದ್ದಕ್ಕೆ. ಅಲೆ ತೀರಕ್ಕೆ ನೇರವಾಗಿ ಬರುವುದು ಕಡಿಮೆ, ಸ್ವಲ್ಪ ಓರೆಯಾಗಿಯೇ ಬರುತ್ತದೆ. ಓರೆಯಾಗಿ ಏರಿದ ನೀರು ಇಳಿಯುವಾಗ ಮಾತ್ರ ಇಳಿಜಾರಿನಲ್ಲಿ ನೇರ ಕೆಳಗೆ ಇಳಿಯುತ್ತದೆ. ಒಂದೊಂದು ಕಣವೂ ಹೀಗೆ ಗರಗಸದ ಹಲ್ಲಿನ ದಾರಿಯಲ್ಲಿ ಏರುತ್ತ ಇಳಿಯುತ್ತ ಪಕ್ಕದ ಊರಿನತ್ತ ಸಾಗುತ್ತದೆ. ನಮ್ಮ ಕರಾವಳಿಯಲ್ಲಿ ಈ ಸಾಗಾಟದ ದಿಕ್ಕು ಋತುವಿನೊಂದಿಗೆ ಬದಲಾಗುತ್ತದೆ, ಒಂದೇ ಜಿಲ್ಲೆಯ ಎರಡು ದಂಡೆಗಳಲ್ಲೂ ಒಂದೇ ರೀತಿ ಇರುವುದಿಲ್ಲ. ಪೂರ್ವ ಕರಾವಳಿಯಲ್ಲಿ ಲೆಕ್ಕ ಸರಳ, ತಮಿಳುನಾಡಿನ ಹೊಯ್ಗೆ ಒಟ್ಟಾರೆ ಉತ್ತರಕ್ಕೆ ಸಾಗುತ್ತದೆ. ಅದಕ್ಕೇ ಅಲ್ಲಿನ ತಪ್ಪುಗಳೂ ಬಹಳ ಸ್ಪಷ್ಟವಾಗಿ ಕಾಣುತ್ತವೆ. 19ನೆಯ ಶತಮಾನದ ಕೊನೆಯಲ್ಲಿ ಮದರಾಸಿನ ಬಂದರಿಗೆ ಕಲ್ಲಿನ ತೋಳುಗಳನ್ನು ಕಟ್ಟಿದಾಗ ದಕ್ಷಿಣದಿಂದ ಬರುತ್ತಿದ್ದ ಹೊಯ್ಗೆ ಅಲ್ಲೇ ತಡೆದು ನಿಂತಿತು. ಇಂದಿನ ಮರೀನಾದ ಅಗಲ ಬಹುಮಟ್ಟಿಗೆ ಆ ತಡೆಯ ಫಲ. ಬಂದರಿನ ಉತ್ತರಕ್ಕಿರುವ ರಾಯಪುರಂ ಕಡೆಯ ಮೀನುಗಾರರ ಕೇರಿಗಳು ಅಂದಿನಿಂದ ಸವೆಯುತ್ತಲೇ ಇವೆ. ಸಂಜೆ ಮರೀನಾದಲ್ಲಿ ನಡೆದಾಡುವವರ ಕಾಲಡಿ ಇರುವುದು ರಾಯಪುರಂಗೆ ಸೇರಬೇಕಾಗಿದ್ದ ನೆಲ.

ಮಂಗಳೂರಿನಲ್ಲಿ ಆದದ್ದೂ ಇದೇ ಜಾತಿಯ ಕತೆ. ನೇತ್ರಾವತಿ ಮತ್ತು ಗುರುಪುರ ನದಿಗಳು ಒಂದೇ ಅಳಿವೆಯಲ್ಲಿ ಕಡಲು ಸೇರುತ್ತವೆ. ಅಳಿವೆ ಬಾಗಿಲು ಹೊಯ್ಗೆ ತುಂಬಿ ಕಿರಿದಾದಾಗ ದಕ್ಕೆಯಿಂದ ಹೊರಡುವ ದೋಣಿಗಳಿಗೆ ಅಪಾಯ. ಎಷ್ಟೋ ದೋಣಿಗಳು ಅಲ್ಲಿ ಮಗುಚಿವೆ, ಜೀವಗಳು ಹೋಗಿವೆ. ಹಾಗಾಗಿ ಬಾಗಿಲನ್ನು ಒಂದೆಡೆ ನಿಲ್ಲಿಸಲು ಎರಡೂ ಬದಿಯಿಂದ ಕಡಲಿಗೆ ಕಲ್ಲಿನ ಬ್ರೇಕ್‌ವಾಟರ್ ಚಾಚಿದರು. ಬೇಡಿಕೆ ನ್ಯಾಯವಾದದ್ದೇ ಆಗಿತ್ತು. ಆದರೆ ನದಿ ತಂದ ಹೊಯ್ಗೆ ಮೊದಲು ಅಳಿವೆಯ ಎರಡೂ ಬದಿಯ ದಂಡೆಗಳಿಗೆ ಹಂಚಿಹೋಗುತ್ತಿತ್ತು. ಈಗ ಕಲ್ಲಿನ ಓಣಿಯಲ್ಲಿ ನೇರ ಆಳಕ್ಕೆ ಹೋಗಿ ಬೀಳುವ ಪಾಲು ಹೆಚ್ಚಿತು. ಉತ್ತರದ ಬೆಂಗ್ರೆಯ ಕಡೆ ದಂಡೆ ಬೆಳೆಯಿತು. ದಕ್ಷಿಣದಲ್ಲಿ ಉಳ್ಳಾಲದ ಕೋಟೆಪುರ, ಮೊಗವೀರಪಟ್ಣ, ಸುಭಾಷ್ ನಗರಗಳಲ್ಲಿ ಮನೆಗಳು ಒಂದೊಂದಾಗಿ ಉರುಳತೊಡಗಿದವು. ಒಂದು ಕಡೆಯ ದೋಣಿಗೆ ಸಿಕ್ಕ ದಾರಿಯ ಬೆಲೆಯನ್ನು ಇನ್ನೊಂದು ಕಡೆಯ ಮನೆ ತೆತ್ತಿತು. ಎರಡೂ ಕಡೆ ಇದ್ದವರು ಮೀನುಗಾರರೇ.

ಬಂದ ಪರಿಹಾರ ಮತ್ತೆ ಕಲ್ಲು. ಕಡಲ್ಕೊರೆತದ ಸುದ್ದಿ ಬಂದಾಗಲೆಲ್ಲ ಲಾರಿಗಟ್ಟಲೆ ಬಂಡೆ ತಂದು ದಂಡೆಯ ಉದ್ದಕ್ಕೂ ಸುರಿಯುವುದು ನಮ್ಮಲ್ಲಿ ದಶಕಗಳಿಂದ ನಡೆದುಬಂದಿದೆ. ಆ ತಡೆಗೋಡೆಯ ಬುಡದಲ್ಲಿ ಏನಾಗುತ್ತದೆ ಎಂದು ಒಮ್ಮೆ ಹತ್ತಿರದಿಂದ ನೋಡಬೇಕು. ಇಳಿಜಾರಾದ ಹೊಯ್ಗೆಯ ದಂಡೆ ಅಲೆಯ ಶಕ್ತಿಯನ್ನು ಹರಡಿ ಹೀರಿಕೊಳ್ಳುತ್ತದೆ. ಕಡಿದಾದ ಕಲ್ಲು ಹೀರುವುದು ಕಡಿಮೆ, ಹಿಂದಕ್ಕೆ ಎಸೆಯುವುದು ಹೆಚ್ಚು. ಎಸೆಯಲ್ಪಟ್ಟ ನೀರು ಗೋಡೆಯ ಬುಡವನ್ನೇ ಕೆರೆಯುತ್ತದೆ. ಕೆಳಗಿನ ಹೊಯ್ಗೆ ಸಡಿಲವಾಗಿ ಬಂಡೆಗಳು ವಾಲುತ್ತವೆ, ಮುಳುಗುತ್ತವೆ; ಮರುವರ್ಷ ಅದರ ಮೇಲೆ ಇನ್ನೊಂದು ಪದರ. ಗೋಡೆಯ ಹಿಂದಿನ ಹೊಯ್ಗೆ ಅಲೆಯ ಕೈಗೆ ಸಿಗದೆ ಹೋದದ್ದರಿಂದ ಮಳೆಗಾಲದ ಆ ಕಾಯುವ ದಿಬ್ಬವೂ ಸೊರಗುತ್ತದೆ. ಗೋಡೆ ಎಲ್ಲಿ ಮುಗಿಯುತ್ತದೋ ಅಲ್ಲಿ ಕೊರೆತ ಇನ್ನಷ್ಟು ಜೋರು, ಆಗ ಪಕ್ಕದ ಊರಿನವರೂ ಗೋಡೆ ಕೇಳುತ್ತಾರೆ. ಕೊನೆಗೆ ಗೋಡೆಯ ಹಿಂದೆ ಮನೆ ಉಳಿದರೂ ಮುಂದೆ ದಂಡೆ ಇರುವುದಿಲ್ಲ. ದೋಣಿ ಎಳೆದಿಡಲು, ಮೀನು ಒಣಗಿಸಲು, ಕೈರಂಪಣಿ ಬಲೆ ಎಳೆಯಲು ಜಾಗವಿಲ್ಲದ ಮೀನುಗಾರರ ಊರು ಅದು. ಕಡಲಾಮೆ ಮೊಟ್ಟೆ ಇಡಲು ಬಂದರೆ ಬಂಡೆಗೆ ತಲೆ ತಾಗುತ್ತದೆ.

ಕಲ್ಲು ಎಲ್ಲೂ ಬೇಡ ಎಂದು ನಾನು ಹೇಳುತ್ತಿಲ್ಲ. ಮರವಂತೆಯಲ್ಲಿ ಒಂದು ಕಡೆ ಸೌಪರ್ಣಿಕಾ, ಇನ್ನೊಂದು ಕಡೆ ಕಡಲು, ನಡುವಿನ ಸಪೂರ ಪಟ್ಟಿಯ ಮೇಲೆ ರಾಷ್ಟ್ರೀಯ ಹೆದ್ದಾರಿ 66. ಅಲ್ಲಿ ರಸ್ತೆ ಹಿಂದೆ ಸರಿಯಲು ಜಾಗವೇ ಇಲ್ಲ, ಕಾಯಲೇಬೇಕು. ಆದರೆ ಅದು ಅನಿವಾರ್ಯದ ಚಿಕಿತ್ಸೆ. ಊರೂರಿಗೆ ಅದನ್ನೇ ಮದ್ದು ಎಂದು ಹಂಚಿದ್ದು ನಮ್ಮ ದೊಡ್ಡ ತಪ್ಪು.

ಈ ತಪ್ಪಿನ ಅರಿವು ಬಂದದ್ದು ಉಳ್ಳಾಲದಲ್ಲೇ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಿಂದ 2010ರ ನಂತರ ಕರ್ನಾಟಕ ಮತ್ತು ಮಹಾರಾಷ್ಟ್ರದಲ್ಲಿ ನಡೆದ ಸುಸ್ಥಿರ ಕರಾವಳಿ ಸಂರಕ್ಷಣಾ ಯೋಜನೆಯಲ್ಲಿ ಇಲ್ಲಿನ ಬ್ರೇಕ್‌ವಾಟರ್‌ಗಳನ್ನು ಸರಿಪಡಿಸುವುದರ ಜೊತೆಗೆ ಕಡಲೊಳಗೆ ಕೃತಕ ದಿಬ್ಬಗಳನ್ನು ಕೂರಿಸಲಾಯಿತು. ಗಟ್ಟಿ ಬಟ್ಟೆಯಂಥ ದೊಡ್ಡ ಚೀಲಗಳಲ್ಲಿ ಹೊಯ್ಗೆ ತುಂಬಿ ಮುಳುಗಿಸುವುದು. ಅಲೆ ದಂಡೆಗೆ ಬರುವ ಮೊದಲೇ ಮುರಿಯುವಂತೆ ಮಾಡುವುದು. ಮಳೆಗಾಲದ ಸಹಜ ದಿಬ್ಬ ಮಾಡುತ್ತಿದ್ದ ಕೆಲಸ ಇದೇ ತಾನೆ? ಕಡಲಿನ ಉಪಾಯವನ್ನೇ ಕಡಲಿಗೆ ಹಿಂದಿರುಗಿಸುವ ಈ ದಾರಿ ಸರಿಯಾದ ದಾರಿ ಎಂದು ನನಗನ್ನಿಸುತ್ತದೆ. ಪುದುಚೇರಿಯಲ್ಲಿ 1980ರ ದಶಕದ ಕೊನೆಯಲ್ಲಿ ಕಟ್ಟಿದ ಬಂದರಿನಿಂದಾಗಿ ನಗರದ ಮುಂದಿನ ದಂಡೆ ಪೂರ್ತಿ ಹೋಗಿ ಬರೀ ಕಲ್ಲು ಉಳಿದಿತ್ತು. ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ 2018ರಲ್ಲಿ ಅಲ್ಲಿ ನೀರಿನಡಿ ಬೆಣೆಯಾಕಾರದ ಉಕ್ಕಿನ ದಿಬ್ಬ ಇಳಿಸಿ, ಹೊಯ್ಗೆಯನ್ನೂ ತುಂಬಿಸಿದ ಮೇಲೆ ಜನ ಮತ್ತೆ ಹೊಯ್ಗೆಯಲ್ಲಿ ಕೂರುವಂತಾಯಿತು.

ಆದರೂ ದಿಬ್ಬ ಹೊಯ್ಗೆಯನ್ನು ಹುಟ್ಟಿಸುವುದಿಲ್ಲ, ಇದ್ದದ್ದನ್ನು ನಿಲ್ಲಿಸುತ್ತದೆ ಅಷ್ಟೆ. ಉಳ್ಳಾಲದಲ್ಲಿ ಕೆಲಸ ನಡೆದ ಮೇಲೂ ದಕ್ಷಿಣಕ್ಕೆ ಸೋಮೇಶ್ವರ, ಉಚ್ಚಿಲ, ಬಟ್ಟಪ್ಪಾಡಿಯ ಕಡೆ ಕೊರೆತ ಮುಂದುವರಿದಿದೆ; ಬಟ್ಟಪ್ಪಾಡಿಯಲ್ಲಿ ಕಡಲ ಬದಿಯ ರಸ್ತೆಯೇ ಹೋಗಿದೆ. ಮೂಲದಲ್ಲಿ ಆದಾಯ ಕಡಿಮೆಯಾದ ಮನೆಯಲ್ಲಿ ಪೆಟ್ಟಿಗೆಗೆ ಎಷ್ಟು ಬೀಗ ಹಾಕಿದರೇನು? ತೀರದ ಆದಾಯ ನದಿಯಿಂದ ಬರಬೇಕು. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು, ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ. ಅಣೆಕಟ್ಟಿನ ಹಿನ್ನೀರು ತಲುಪಿದ ಹೊಯ್ಗೆ ಅಲ್ಲೇ ತಳಕ್ಕೆ ಕೂರುತ್ತದೆ, ಮುಂದೆ ಹೋಗುವುದು ಬರೀ ನೀರು. ಉಳಿದ ನದಿಗಳಲ್ಲಿ ಮರಳು ದಕ್ಕೆಗಳಿಂದ ಹಗಲೂ ರಾತ್ರಿ ಲಾರಿ ತುಂಬುತ್ತದೆ. ಮನೆ ಕಟ್ಟಲು ಮರಳು ಬೇಕು, ಇದು ಸತ್ಯ. ಆದರೆ ಒಂದು ನದಿ ಒಂದು ಮಳೆಗಾಲದಲ್ಲಿ ಎಷ್ಟು ತರುತ್ತದೆ ಎಂದು ಅಳೆಯದೆ ಎಷ್ಟು ತೆಗೆಯಬಹುದು ಎಂದು ಪರವಾನಗಿ ಕೊಡುವುದು ಯಾವ ಲೆಕ್ಕ? ನದಿಯಲ್ಲಿ ತೆಗೆದ ಲೋಡು ಕಡಲ ದಂಡೆಯಿಂದ ತೆಗೆದ ಲೋಡೇ. ಊರು ಬೇರೆ, ಇಲಾಖೆ ಬೇರೆ, ಅಷ್ಟೆ.

ಆಸ್ಟ್ರೇಲಿಯಾದ ಟ್ವೀಡ್ ನದಿಯ ಅಳಿವೆಯಲ್ಲೂ ಬ್ರೇಕ್‌ವಾಟರ್ ಕಟ್ಟಿ ಉತ್ತರದ ಗೋಲ್ಡ್ ಕೋಸ್ಟ್ ದಂಡೆ ಬಡವಾಗಿತ್ತು. ಅವರು 2001ರಿಂದ ಅಳಿವೆಯ ದಕ್ಷಿಣದಲ್ಲಿ ಸೇರುವ ಹೊಯ್ಗೆಯನ್ನು ಪಂಪಿನಿಂದ ಎತ್ತಿ ಕೊಳವೆಯಲ್ಲಿ ಉತ್ತರಕ್ಕೆ ಸಾಗಿಸುತ್ತಿದ್ದಾರೆ. ವರ್ಷಕ್ಕೆ ಸುಮಾರು 5 ಲಕ್ಷ ಘನ ಮೀಟರ್. ಎರಡು ರಾಜ್ಯ ಸರ್ಕಾರಗಳು ಸೇರಿ ನಡೆಸುವ ಕೆಲಸ ಅದು. ನಮ್ಮಲ್ಲಿ ಮಲ್ಪೆ, ಗಂಗೊಳ್ಳಿ, ಮಂಗಳೂರಿನ ಅಳಿವೆಗಳಲ್ಲಿ ಹೂಳೆತ್ತುವ ಬೇಡಿಕೆ ಪ್ರತಿ ವರ್ಷದ್ದು. ಎತ್ತಿದ ಹೂಳಿನಲ್ಲಿ ಶುದ್ಧ ಹೊಯ್ಗೆ ಇದ್ದರೆ ಅದು ಸಲ್ಲಬೇಕಾದದ್ದು ಸವೆದ ಪಕ್ಕದ ದಂಡೆಗೆ. ಅದನ್ನು ಮಾರಬಾರದು, ಆಳ ಕಡಲಿಗೆ ಸುರಿಯಲೂಬಾರದು. ಇದೊಂದನ್ನು ನಿಯಮವಾಗಿ ಮಾಡಿದರೆ ಎಷ್ಟೋ ಗೋಡೆಗಳ ಖರ್ಚು ಉಳಿಯುತ್ತದೆ.

ಕಾನೂನು ಇಲ್ಲದಿಲ್ಲ. 1981ರಲ್ಲಿ ಪ್ರಧಾನಿ ಇಂದಿರಾ ಗಾಂಧಿ ಉಬ್ಬರದ ಗೆರೆಯಿಂದ 500 ಮೀಟರಿನವರೆಗೆ ತೀರವನ್ನು ಕಟ್ಟಡಗಳಿಂದ ಮುಕ್ತವಾಗಿಡಿ ಎಂದು ಕರಾವಳಿ ರಾಜ್ಯಗಳಿಗೆ ಬರೆದರು. ಆ ಯೋಚನೆ 1991ರ ಫೆಬ್ರವರಿಯಲ್ಲಿ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಾಯಿತು. ಜನರ ಬಾಯಲ್ಲಿ ಸಿಆರ್‌ಝಡ್. 2011ರಲ್ಲಿ ಹೊಸದು ಬಂತು, 2019ರಲ್ಲಿ ಮತ್ತೊಂದು. ಈ ಕೊನೆಯದರಲ್ಲಿ ಜನಸಾಂದ್ರತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚಿರುವ ಗ್ರಾಮೀಣ ತೀರಗಳಲ್ಲಿ, ನಿರ್ವಹಣಾ ಯೋಜನೆಗೆ ಮಂಜೂರಾತಿ ಇದ್ದರೆ, ಕಟ್ಟಡ ನಿಷೇಧದ ಪಟ್ಟಿ 200 ಮೀಟರಿನಿಂದ 50 ಮೀಟರಿಗೆ ಇಳಿಯುತ್ತದೆ. ದಂಡೆಯ ಒಂದು ಉಸಿರೇ ಹತ್ತಾರು ಮೀಟರ್ ಇರುವಾಗ 50 ಮೀಟರ್ ಸಾಲದು ಎಂದೇ ನನ್ನ ಅಭಿಪ್ರಾಯ. ಆದರೆ ಮೀನುಗಾರರು ಕಡಲ ಬದಿಯಲ್ಲೇ ಇರಬೇಕಾದವರು. ನೀರಿನ ಬಣ್ಣ, ಹಕ್ಕಿಯ ಹಾರಾಟ ನೋಡಿ ದೋಣಿ ಇಳಿಸುವವರನ್ನೂ ರಜೆಗೆ ಬರುವವರಿಗಾಗಿ ಕಟ್ಟುವ ರೆಸಾರ್ಟನ್ನೂ ಒಂದೇ ಗೆರೆಯಿಂದ ಅಳೆಯುವುದು ಅನ್ಯಾಯ.

ತೀರದ ಇನ್ನೊಂದು ಕಾವಲು ಗಿಡಗಳದ್ದು. ನೇರಳೆ ಹೂವಿನ ಅಡುಂಬು ಬಳ್ಳಿ, ಮುಳ್ಳುಮುಳ್ಳಾದ ರಾವಣನ ಮೀಸೆ ಹುಲ್ಲು, ಅವುಗಳ ಹಿಂದೆ ಮುಂಡಕ, ಸುರಹೊನ್ನೆ. ಗಾಳಿಗೆ ಹಾರುವ ಹೊಯ್ಗೆಯನ್ನು ಇವು ಹಿಡಿದು ದಿಣ್ಣೆ ಕಟ್ಟುತ್ತವೆ, ಆ ದಿಣ್ಣೆಯೇ ಕೆಟ್ಟ ವರ್ಷಕ್ಕೆ ಕೂಡಿಟ್ಟ ಗಂಟು. ಬೀಚ್ ಅಂದಗೊಳಿಸುವ ಹೆಸರಿನಲ್ಲಿ ಮೊದಲು ಕಿತ್ತು ಎಸೆಯುವುದು ಈ ಬಳ್ಳಿಯನ್ನೇ.

ಗೋಡೆಗಿಂತ ಬಾಗಿಲು ಹೆಚ್ಚು ಬಾಳುತ್ತದೆ ಎಂಬುದನ್ನು ನೋಡಲು ಕುಮಟಾ ತಾಲ್ಲೂಕಿಗೆ ಹೋಗಬೇಕು. ಅಘನಾಶಿನಿ ದೊಡ್ಡ ಅಣೆಕಟ್ಟು ಕಾಣದ ನದಿ. ಅದರ ಅಳಿವೆಯ ಬದಿಯ ತಗ್ಗು ಗದ್ದೆಗಳಿಗೆ ಗಜನಿ ಎಂದು ಹೆಸರು. ಮಾಣಿಕಟ್ಟಾದಂಥ ಊರುಗಳಲ್ಲಿ ಗಜನಿಯ ಸುತ್ತ ಒಡ್ಡು, ಒಡ್ಡಿನಲ್ಲಿ ಅಲ್ಲಲ್ಲಿ ಹಲಗೆ ಇಳಿಸಿ ಎತ್ತುವ ಜಂತ್ರಡಿ. ಮಳೆಯ ನೀರು ಉಪ್ಪನ್ನು ತೊಳೆದ ಮೇಲೆ ಮೊಳಕೆ ಬಂದ ಕಗ್ಗದ ಬೀಜ ಎರಚುತ್ತಾರೆ. ಕಗ್ಗ ಎತ್ತರದ ಭತ್ತ. ಉಪ್ಪು ತಡೆಯುತ್ತದೆ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಸಾಯುವುದಿಲ್ಲ, ಗೊಬ್ಬರ ಕೇಳುವುದಿಲ್ಲ. ಕೊಯ್ಲಿನಲ್ಲಿ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಾರೆ. ಆಮೇಲೆ ಜಂತ್ರಡಿ ಎತ್ತುತ್ತಾರೆ. ಉಬ್ಬರದ ನೀರಿನೊಂದಿಗೆ ಸಿಗಡಿ ಮರಿ, ಮೀನು, ಏಡಿ ಒಳಗೆ ಬಂದು ಕೊಳೆಯುವ ಹುಲ್ಲಿನ ಆಶ್ರಯದಲ್ಲಿ ಬೆಳೆಯುತ್ತವೆ. ಇಳಿತದಲ್ಲಿ ಬಾಗಿಲಿಗೆ ಬಲೆ ಕಟ್ಟಿದರೆ ಹಿಡಿಯಬಹುದು. ಒಂದೇ ಗದ್ದೆಯಲ್ಲಿ ಆರು ತಿಂಗಳು ಅನ್ನ, ಆರು ತಿಂಗಳು ಮೀನು. ಹಲಗೆ ಯಾವಾಗ ಇಳಿಸಬೇಕು, ಯಾವಾಗ ಎತ್ತಬೇಕು ಎಂಬುದು ಒಬ್ಬರ ಇಷ್ಟವಲ್ಲ, ಊರಿನ ತೀರ್ಮಾನ.

1970ರ ದಶಕದಿಂದ, ಉಪ್ಪುನೀರು ತಡೆಯುವ ಸರ್ಕಾರದ ಖಾರ್‌ಲ್ಯಾಂಡ್ ಯೋಜನೆಯ ಶಾಶ್ವತ ಒಡ್ಡುಗಳು ಬಂದವು. ಅದರ ಹಿಂದೆಯೇ ಸಿಗಡಿಗೆ ಬೆಲೆ ಬಂದು, ಗುತ್ತಿಗೆದಾರರು ಉಪ್ಪುನೀರನ್ನು ಒಳಗೇ ನಿಲ್ಲಿಸಿಕೊಂಡರು. ಕಗ್ಗದ ಗದ್ದೆ ಎಷ್ಟೋ ಹಾಳುಬಿತ್ತು. ಒಡ್ಡಿಗೆ ಒತ್ತಾಸೆಯಾಗಿದ್ದ ಕಾಂಡ್ಲಾ ಕಾಡು ಕಡಿಮೆಯಾಯಿತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕರಾವಳಿ ವಲಯದ ವಾಣಿಜ್ಯ ಸಿಗಡಿ ಕೊಳಗಳ ವಿರುದ್ಧ ತೀರ್ಪು ಕೊಟ್ಟಾಗ ಸಾಂಪ್ರದಾಯಿಕ ಪದ್ಧತಿಗಳನ್ನು ಹೊರಗಿಟ್ಟದ್ದು ಸುಮ್ಮನೆ ಅಲ್ಲ. ಇದೇ ಅಳಿವೆಯಲ್ಲಿ ಇಳಿತದ ವೇಳೆ ಬೆಳಚು ಎಂಬ ಚಿಪ್ಪುಜೀವಿ ಆರಿಸಿ ಬದುಕುವವರು 2,300ಕ್ಕೂ ಹೆಚ್ಚು, ವರ್ಷಕ್ಕೆ ಸಿಗುವುದು ಸುಮಾರು 22 ಸಾವಿರ ಟನ್ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಒಮ್ಮೆ ಅಂದಾಜು ಮಾಡಿದ್ದರು. ಅಳಿವೆಯ ದಡದ ತದಡಿಯಲ್ಲಿ 4,000 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಾಗ ಜನ ಎದ್ದು ನಿಂತದ್ದು ಈ ಬದುಕಿಗಾಗಿ. 2024ರಲ್ಲಿ ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು.

ಮುಂದಿನ ದಿನಗಳು ಹಿಂದಿನಂತಿಲ್ಲ. 1993ರಿಂದೀಚೆಗೆ ಉತ್ತರ ಹಿಂದೂ ಮಹಾಸಾಗರದ ಮಟ್ಟ ವರ್ಷಕ್ಕೆ ಸುಮಾರು 3.3 ಮಿಲಿಮೀಟರ್ ಏರಿದೆ. 2021ರ ಮೇಯಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಆಚೆ ಹಾದುಹೋದಾಗ, ಮಳೆಗಾಲಕ್ಕೆ ಮೊದಲೇ ಉಳ್ಳಾಲ, ಸೋಮೇಶ್ವರ, ಉಡುಪಿಯ ದಂಡೆಗಳು ಪೆಟ್ಟು ತಿಂದವು. ಬೇಸಿಗೆಯಿಡೀ ಕೂಡಿಟ್ಟದ್ದು ಜೂನಿಗೆ ಮೊದಲೇ ಖರ್ಚಾದರೆ ಆ ವರ್ಷದ ಮಳೆಗಾಲ ಕಠಿಣ. ಸರ್ಕಾರದ ಉಪಗ್ರಹ ಸಮೀಕ್ಷೆಯ ಪ್ರಕಾರ 1990ರಿಂದ 2018ರವರೆಗೆ ಭಾರತದ ಕರಾವಳಿಯ ಮೂರನೇ ಒಂದರಷ್ಟು ಕೊರೆತಕ್ಕೆ ಸಿಕ್ಕಿದೆ, ಕರ್ನಾಟಕದಲ್ಲಿ ಸುಮಾರು ಕಾಲು ಭಾಗ. ಉಳಿದ ಮುಕ್ಕಾಲು ಭಾಗ ಇನ್ನೂ ನಮ್ಮ ಕೈಯಲ್ಲಿದೆ.

ಇಂದಿಗೂ ಗೋಡೆಯ ಕೂಗು ಏಳುವುದು ಜುಲೈಯಲ್ಲಿ, ಮನೆಯ ಅಂಗಳಕ್ಕೆ ನೀರು ಬಂದಾಗ. ಆಗ ಯಾರ ಬಳಿಯೂ ಹಿಂದಿನ ಹತ್ತು ವರ್ಷದ ಅಳತೆ ಇರುವುದಿಲ್ಲ. ನಿಮ್ಮ ಊರು ಕಡಲ ಬದಿಯಲ್ಲಿದ್ದರೆ ಒಂದು ಕೆಲಸ ಮಾಡಿ. ದಂಡೆಯಿಂದ ಸಾಕಷ್ಟು ಹಿಂದಿರುವ ಒಂದು ಬಾವಿಕಟ್ಟೆ, ಒಂದು ದೈವಸ್ಥಾನದ ಮೆಟ್ಟಿಲು, ಒಂದು ಶಾಲೆಯ ಗೋಡೆ, ಯಾವುದಾದರೂ ಕದಲದ ಗುರುತು ಆರಿಸಿಕೊಳ್ಳಿ. ಅಲ್ಲಿಂದ ಉಬ್ಬರದ ನೀರು ಮುಟ್ಟುವ ಗೆರೆಯವರೆಗೆ ಟೇಪು ಹಿಡಿದು ಅಳೆದು, ದಿನಾಂಕ ಹಾಕಿ ಬರೆದಿಡಿ. ಮೇಯಲ್ಲಿ ಒಮ್ಮೆ, ಆಗಸ್ಟಿನಲ್ಲಿ ಒಮ್ಮೆ, ಡಿಸೆಂಬರಿನಲ್ಲಿ ಒಮ್ಮೆ. ಸಾಧ್ಯವಾದಷ್ಟು ಹುಣ್ಣಿಮೆಯ ಆಸುಪಾಸಿನಲ್ಲೇ. ಶಾಲೆಯ ಮಕ್ಕಳು ಮಾಡಬಹುದಾದ ಕೆಲಸ ಇದು. ಐದು ವರ್ಷದ ನಂತರ ಪಂಚಾಯ್ತಿಗೆ ಕಲ್ಲಿನ ಟೆಂಡರ್ ಬಂದಾಗ ಆ ಪುಸ್ತಕವನ್ನು ಮೇಜಿನ ಮೇಲಿಟ್ಟು ಮೂರು ಪ್ರಶ್ನೆ ಕೇಳಿ. ನಮ್ಮ ಹೊಯ್ಗೆ ಎಲ್ಲಿಂದ ಬರುತ್ತಿತ್ತು? ಈಗ ಎಲ್ಲಿ ನಿಂತಿದೆ? ಈ ಕಲ್ಲು ಬಿದ್ದರೆ ಪಕ್ಕದ ಊರಿಗೆ ಏನಾಗುತ್ತದೆ?